ಕೆಳಗಿಳಿದದ್ದು ಮೇಲೆ ಬಾರದ ಹಾಗೆ

ಹಸು ಮೆಲುಕು ಹಾಕುವುದನ್ನು ನೋಡಬೇಕಾದರೆ ಅದರ ಎಡಮಗ್ಗುಲಿಗೆ ಕೂರಬೇಕು. ಅನ್ನನಾಳ ಕತ್ತಿನಲ್ಲಿ ಎಡಕ್ಕೆ ಸರಿದು ಹೋಗುವುದರಿಂದ ಆ ಕಡೆಯಿಂದ ಎಲ್ಲ ಕಾಣುತ್ತದೆ. ಮಲಗಿ ತುಸು ಹೊತ್ತಾದ ಮೇಲೆ ಪಕ್ಕೆ ಒಮ್ಮೆ ಅದುರುತ್ತದೆ. ಕತ್ತಿನ ಬುಡದಲ್ಲಿ ಒಂದು ಗಂಟು ಮೂಡಿ ಸರ್ರನೆ ಮೇಲೇರಿ ದವಡೆಯ ಹಿಂದೆ ಮರೆಯಾಗುತ್ತದೆ. ಆಮೇಲೆ ಅಗಿಯುವ ಕೆಲಸ, ಐವತ್ತು ಸಲದ ಆಚೀಚೆ. ನುಂಗಿದಾಗ ಅದೇ ಗಂಟು ಕೆಳಗಿಳಿಯುವುದೂ ಕಾಣುತ್ತದೆ. ಒಂದೆರಡು ಉಸಿರಿನ ಬಿಡುವು, ಮತ್ತೆ ಮುಂದಿನ ತುತ್ತು. ದಿನದ ಏಳೆಂಟು ಗಂಟೆ ಹಸುವಿಗೆ ಇದೇ ಬದುಕು.

ಮೇಲೆ ಬರುವ ಆ ತುತ್ತು ಹಸುವಿನ ಗಂಟಲನ್ನು ಸುಡುವುದಿಲ್ಲ. ಅದರ ಹೊಟ್ಟೆಗೆ ನಾಲ್ಕು ಕೋಣೆ. ಮೇವು ಮೊದಲು ಹೋಗಿ ಬೀಳುವ ದೊಡ್ಡ ಕೋಣೆಯಲ್ಲಿ ಆಮ್ಲ ಸುರಿಸುವ ಗ್ರಂಥಿಗಳೇ ಇಲ್ಲ. ಅಲ್ಲಿರುವುದು ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು, ಜೊತೆಗೆ ಕ್ಷಾರಗುಣದ ಜೊಲ್ಲು. ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ಸುರಿಸುವ ಹಸುಗಳಿವೆ. ನಿಜವಾದ ಆಮ್ಲ ಇರುವುದು ನಾಲ್ಕನೆಯ ಕೋಣೆಯಲ್ಲಿ. ಅಲ್ಲಿಗೆ ಇಳಿದದ್ದು ಮೆಲುಕಿಗೆ ವಾಪಸು ಬರುವುದಿಲ್ಲ. ಮನುಷ್ಯನಿಗೆ ಒಂದೇ ಕೋಣೆ. ಅನ್ನನಾಳ ಮುಗಿದ ಕೂಡಲೇ ಆಮ್ಲ. ಜಠರದ ಒಳಗೋಡೆಗೆ ಲೋಳೆಯ ಕಾಪು ಇದೆ, ಅನ್ನನಾಳಕ್ಕೆ ಅಂಥ ಕಾಪಿಲ್ಲ. ಎರಡರ ನಡುವೆ ಇರುವುದು ಒಂದೆರಡು ಅಂಗುಲದ ಸ್ನಾಯುವಿನ ಬಿಗಿ, ಅದಕ್ಕೆ ಆಸರೆಯಾಗಿ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆ. ಆ ಬಿಗಿ ಸಡಿಲವಾದ ಮನುಷ್ಯರನ್ನು ನಮ್ಮ ದಾವಣಗೆರೆ ಸೀಮೆಯಲ್ಲಿ ಮನೆಗೊಬ್ಬರಂತೆ ಕಾಣಬಹುದು. ‘ಗ್ಯಾಸ್ಟ್ರಿಕ್’ ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸಿ ಮಾತ್ರೆ ನುಂಗುತ್ತಾರೆ.

ನಮ್ಮ ಅತ್ತಿಗೆಯೂ ಹಾಗೆ ನುಂಗಿದವರು. ಜಗಳೂರು ತಾಲ್ಲೂಕಿನ ಹೆಣ್ಣುಮಗಳು, ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯ ಕಡೆಯ ಅಡಿಕೆ ಊರಿಗೆ ಸೊಸೆಯಾಗಿ ಬಂದವರು. ವರ್ಷಗಟ್ಟಲೆ ಎದೆ ಉರಿ, ಹುಳಿತೇಗು; ರಾತ್ರಿ ಮಲಗಿದರೆ ಬಾಯಿಗೆ ಹುಳಿನೀರು, ಕೆಮ್ಮು. ಮಂಚದ ತಲೆಯ ಕಡೆಗೆ ಇಟ್ಟಿಗೆ ಕೊಟ್ಟು ಮಲಗುತ್ತಿದ್ದರು. ಸಂತೆಗೆ ಹೋದರೆ ಗೋಲಿ ಸೋಡಾ. ಒಂದು ದೊಡ್ಡ ತೇಗು ಬಂದರೆ ಹಗುರ. ಆ ತೇಗಿನ ಜೊತೆಗೇ ಆಮ್ಲವೂ ಮೇಲೆ ಬರುತ್ತಿತ್ತು ಎಂಬುದು ಎಂಡೋಸ್ಕೋಪಿ ಮಾಡಿಸಿದ ಮೇಲೆ ತಿಳಿಯಿತು. ಜಠರದ ಮೇಲ್ತುದಿಯೇ ವಪೆಯ ಕಿಂಡಿಯಿಂದ ಎದೆಯೊಳಕ್ಕೆ ಜಾರಿತ್ತು. ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆಯೂ ಆಗಿ, ದಾವಣಗೆರೆಯಲ್ಲಿ ಲ್ಯಾಪರೋಸ್ಕೋಪಿ ಆಪರೇಷನ್ ಆಯಿತು. ಅಡಿಕೆ ಕೊಯ್ಲಿನ ಕಾಲ. ಅಣ್ಣನಿಗೆ ತೋಟ ಬಿಟ್ಟು ಅಲುಗುವಂತಿರಲಿಲ್ಲ. ಅತ್ತಿಗೆಯನ್ನು ನೋಡಿಕೊಳ್ಳಲು ನಾನು ಹೊನ್ನಾಳಿಯಿಂದ ಬಂದೆ. ತುಂಗಭದ್ರೆಯ ದಂಡೆಯಲ್ಲಿ ಹಕ್ಕಿ ನೋಡಿ ಬರೆದಿಡುವ ಪುಸ್ತಕವೂ ಜೊತೆಗಿತ್ತು.

ಆಪರೇಷನ್‌ನಲ್ಲಿ ಮಾಡುವುದು ಇಷ್ಟು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು. ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಜಾರಿದ ಜಠರವನ್ನು ಕೆಳಕ್ಕೆಳೆದು, ಅಗಲವಾದ ಕಿಂಡಿಯನ್ನು ಹೊಲಿದು ಕಿರಿದು ಮಾಡಿ, ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಚಳಿಗಾಲದ ಮಫ್ಲರಿನ ಹಾಗೆ ಸುತ್ತಿ ಹೊಲಿಯುತ್ತಾರೆ. ಜಠರ ತುಂಬಿದಷ್ಟೂ ಆ ಸುತ್ತು ಬಿಗಿಯುತ್ತದೆ. ಇದನ್ನು ಕಂಡುಕೊಂಡವರು ರುಡಾಲ್ಫ್ ನಿಸ್ಸೆನ್. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಇಸ್ತಾಂಬುಲ್ ಸೇರಿದ ಶಸ್ತ್ರವೈದ್ಯ. ಅಲ್ಲಿ 1936ರಲ್ಲಿ ಒಬ್ಬ ರೋಗಿಯ ಅನ್ನನಾಳದ ಹುಣ್ಣಿನ ಭಾಗವನ್ನು ತೆಗೆದು, ಹೊಲಿಗೆ ಸೋರದಿರಲೆಂದು ಜಠರದ ಮಡಿಕೆಯನ್ನು ಅದರ ಸುತ್ತ ತಂದು ಹೊಲಿದರು. ವರ್ಷಗಳ ನಂತರ ನೋಡಿದರೆ ಆ ರೋಗಿಗೆ ಎದೆ ಉರಿಯೇ ಇರಲಿಲ್ಲ. ಆ ಒಂದು ಗಮನಿಕೆಯನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು, 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎದೆ ಉರಿಗೆಂದೇ ಮಾಡಿ, 1956ರಲ್ಲಿ ಬರೆದು ಪ್ರಕಟಿಸಿದರು. ಈ ಕಾಯುವಿಕೆ ನನಗೆ ತುಂಬ ಹಿಡಿಸುತ್ತದೆ. 1991ರಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಡಾಲ್ಮಾನ್ಯ ಇದನ್ನೇ ಸಣ್ಣ ತೂತುಗಳ ಮೂಲಕ ಮಾಡಿ ತೋರಿಸಿದ ಮೇಲೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದು ತಪ್ಪಿತು. ಅನ್ನನಾಳದ ತಳ್ಳುವ ಶಕ್ತಿ ಕಡಿಮೆ ಇದ್ದವರಿಗೆ ಪೂರ್ತಿ ಸುತ್ತದೆ ಮುಕ್ಕಾಲು ಸುತ್ತು ಹಾಕುವುದೂ ಉಂಟು. ಒತ್ತಡದ ಪರೀಕ್ಷೆ ಮಾಡಿಸಿದ್ದು ಅದನ್ನು ತಿಳಿಯಲಿಕ್ಕೂ ಹೌದು.

ದಾವಣಗೆರೆಯಿಂದ ಬರುವಾಗ ಸೂಳೆಕೆರೆಯ ಏರಿಯ ಮೇಲೆ ಕಾರು ನಿಧಾನ ಮಾಡಿಸಿದೆ. ಅತ್ತಿಗೆ ಹೊಟ್ಟೆಗೆ ದಿಂಬು ಒತ್ತಿ ಹಿಡಿದಿದ್ದರು. ಕೆಮ್ಮು ಬಂದರೆ, ಹಳ್ಳ ಸಿಕ್ಕರೆ ದಿಂಬು ಒತ್ತಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅವರಿಗೆ ನೋಯುತ್ತಿದ್ದದ್ದು ಹೊಟ್ಟೆಯಲ್ಲ, ಬಲ ಹೆಗಲು.

“ಕೊಯ್ದಿದ್ದು ಹೊಟ್ಟೆ, ನೋಯಾದು ಹೆಗಲು. ಇದೆಂಥದಪ್ಪ?”

ಒಳಗೆ ಉಳಿದ ಗ್ಯಾಸು ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕತ್ತಿನ ಬೆನ್ನುಹುರಿಯಿಂದ, ಹೆಗಲ ಚರ್ಮದ ನರವೂ ಅಲ್ಲಿಂದಲೇ. ಮಿದುಳಿಗೆ ಅದು ಹೆಗಲಿನ ನೋವಾಗಿ ಕೇಳಿಸುತ್ತದೆ. ಓಡಾಡಿದರೆ ಬೇಗ ಕಡಿಮೆಯಾಗುತ್ತದೆ. ಮನೆಗೆ ಬಂದವರೇ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದರು. ಹೆಗಲು ನೋವು ಬೇಗನೆ ಹೋಯಿತು.

ಜಗಲಿಯ ಕರೆಂಟ್ ಮೀಟರಿನ ಪೆಟ್ಟಿಗೆಯ ಮೇಲೆ ಬೆಳವದ ಗೂಡು. ಕತ್ತಿನ ಹಿಂದೆ ಕಪ್ಪಿನಲ್ಲಿ ಬಿಳಿ ಚುಕ್ಕೆ ಇರುವ ಬೆಳವ. ನಾಲ್ಕು ಕಡ್ಡಿ ಅಡ್ಡ ನಾಲ್ಕು ಕಡ್ಡಿ ಉದ್ದ ಇಟ್ಟರೆ ಅವುಗಳ ಮಟ್ಟಿಗೆ ಗೂಡು ಆಯಿತು. ಕೆಳಗಿನಿಂದ ನೋಡಿದರೆ ಎರಡು ಬಿಳಿ ಮೊಟ್ಟೆ ಕಾಣುತ್ತವೆ. ಅತ್ತಿಗೆಯ ಕುರ್ಚಿಗೆ ಎದುರೇ ಇದ್ದುದರಿಂದ ಗಂಡು ಹೆಣ್ಣು ಬದಲಾಗಿ ಕಾವು ಕೂರುವುದನ್ನು ನನಗಿಂತ ಹೆಚ್ಚು ನೋಡಿದವರು ಅವರೇ. ಬೆಳಗ್ಗೆ ಯಾವುದು ಎದ್ದಿತು, ಯಾವುದು ಬಂದು ಕೂತಿತು ಎಂದು ಅವರು ಹೇಳಿದರೆ ನಾನು ಬರೆದುಕೊಳ್ಳುತ್ತಿದ್ದೆ.

ಮೊದಲ ವಾರ ಎಲ್ಲವೂ ತೆಳು. ಗಂಜಿಯ ತಿಳಿ, ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಎಳನೀರು. ಎಳನೀರಿಗೆ ನಳಿಗೆ ಹಾಕುವಂತಿಲ್ಲ, ಹೀರಿದರೆ ಗಾಳಿ ಒಳಗೆ ಹೋಗುತ್ತದೆ. ಬೆಳವ ಮಾತ್ರ ಕೊಕ್ಕು ಅದ್ದಿ ಹೀರಿಯೇ ಕುಡಿಯುವ ಹಕ್ಕಿ. ಕೋಳಿಯಂತೆ ಗುಟುಕಿಗೊಮ್ಮೆ ತಲೆ ಎತ್ತುವುದಿಲ್ಲ. ಅಂಗಳದ ತೊಟ್ಟಿಯಲ್ಲಿ ಕೋಳಿಯೂ ಬೆಳವವೂ ಒಟ್ಟಿಗೆ ಕುಡಿಯುವಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅತ್ತಿಗೆ ಕೋಳಿಯ ರೀತಿ ಕಲಿಯಬೇಕಾಯಿತು. ಒಂದು ಗುಟುಕು, ನಿಲ್ಲುವುದು, ಅದು ಇಳಿದದ್ದು ಖಾತ್ರಿಯಾದ ಮೇಲೆ ಇನ್ನೊಂದು. ಸಣ್ಣ ಲೋಟದ ಕಟ್ಟು ಕುಡಿಯುವಷ್ಟರಲ್ಲಿ ಕೊಟ್ಟಿಗೆಯ ನೆರಳು ಅಂಗಳದಲ್ಲಿ ಒಂದು ಮಾರು ಸರಿಯುತ್ತಿತ್ತು. ದಿನಕ್ಕೆ ಮೂರು ಊಟದ ಬದಲು ಆರು ಸಲ ಇಷ್ಟಿಷ್ಟು. ಕುಡಿದ ಮೇಲೆ ಮಲಗುವಂತಿಲ್ಲ. ಮಾತ್ರೆಗಳನ್ನು, ಪುಡಿ ಮಾಡಬಹುದಾದವು ಯಾವುವು ಎಂದು ಕೇಳಿ ತಿಳಿದುಕೊಂಡು, ಪುಡಿ ಮಾಡಿ ಕೊಟ್ಟೆ.

ಒಂದು ವಿಷಯ ನನಗೆ ಕಂಡದ್ದು ಎರಡನೆಯ ವಾರದಲ್ಲಿ. ಅತ್ತಿಗೆ ಏನೂ ತಿನ್ನದೆ ಸುಮ್ಮನೆ ಕೂತಾಗಲೂ ಪದೇ ಪದೇ ಉಗುಳು ನುಂಗುತ್ತಿದ್ದರು. ಗಂಟಲ ಗಂಟೆ ಮೇಲೆ ಕೆಳಗೆ ಆಡುವುದು ದೂರದಿಂದಲೂ ಕಾಣುತ್ತಿತ್ತು. ಆಮ್ಲ ಮೇಲೆ ಬಂದಾಗ ಉಗುಳು ನುಂಗಿ ಅದನ್ನು ತೊಳೆದು ಕೆಳಕ್ಕೆ ಕಳಿಸುವುದು ದೇಹ ವರ್ಷಗಳಿಂದ ಮಾಡಿಕೊಂಡ ಉಪಾಯ. ಈಗ ಆಮ್ಲ ಬರುತ್ತಿಲ್ಲ, ಆದರೆ ಗಂಟಲಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಪ್ರತಿ ಸಲ ನುಂಗಿದಾಗಲೂ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ. ಮೊದಲಾದರೆ ತೇಗಾಗಿ ಹೊರಬರುತ್ತಿತ್ತು. ಈಗ ಬಿಗಿ ಹೊಸದು, ಸುತ್ತಿದ ಜಾಗ ಬಾತಿದೆ, ಗಾಳಿ ಮೇಲೆ ಬರುವುದಿಲ್ಲ. ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆ. ಅವರಿಗೆ ಅತಿ ಕಷ್ಟ ಕೊಟ್ಟದ್ದು ಗಾಯವಲ್ಲ, ಈ ಉಬ್ಬರ.

ಅಣ್ಣ ಇದನ್ನು ಬೇಗ ಅರ್ಥ ಮಾಡಿಕೊಂಡ. ಹಸು ಸಾಕಿದವರಿಗೆ ಉಬ್ಬರದ ಭಯ ಗೊತ್ತು. ಮೇವು ಕೊಳೆಯುವಾಗ ಹಸುವಿನ ಹೊಟ್ಟೆಯಲ್ಲಿ ದಿನಕ್ಕೆ ನೂರಾರು ಲೀಟರ್ ಗಾಳಿ ಹುಟ್ಟುತ್ತದೆ, ಬಹುಪಾಲು ತೇಗಾಗಿಯೇ ಹೊರಗೆ ಹೋಗಬೇಕು. ಮಳೆ ಬಿದ್ದ ಮೇಲಿನ ಎಳೆ ದ್ವಿದಳ ಸೊಪ್ಪನ್ನು ಹಸಿದ ಹಸು ಹೊಟ್ಟೆಬಿರಿಯ ಮೇದರೆ ಗಾಳಿ ನೊರೆಯಾಗಿ ನಿಂತು ತೇಗು ಕಟ್ಟುತ್ತದೆ. ಎಡಪಕ್ಕೆಯ ಗುಳಿ ತುಂಬಿ ಬೆನ್ನಿನ ಮಟ್ಟಕ್ಕೆ ಬರುತ್ತದೆ. ಎಣ್ಣೆ ಕುಡಿಸಿ ನೊರೆ ಒಡೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ವೈದ್ಯರು ಎಡಪಕ್ಕೆಗೆ ತೂತು ಕೊರೆದು ಕೊಳವೆ ಇಡುತ್ತಾರೆ. ತಡವಾದರೆ ಹಸು ಉಳಿಯುವುದಿಲ್ಲ. ಅಣ್ಣನ ಮುಖದಲ್ಲಿ ಆ ಭಯ ನೋಡಿ, ಮನುಷ್ಯರಲ್ಲಿ ಗಾಳಿಗೆ ಕೆಳಗಿನ ದಾರಿಯೂ ಉಂಟು, ಹಸುವಿನ ಹೊಟ್ಟೆಯಲ್ಲಿ ಹುಟ್ಟುವಷ್ಟು ಗಾಳಿ ನಮ್ಮಲ್ಲಿ ಹುಟ್ಟುವುದೂ ಇಲ್ಲ ಎಂದೆ. ಹಾಗೇ ಆಯಿತು. ನಡೆದಷ್ಟೂ ಗಾಳಿ ಕೆಳಗೆ ಸರಿಯಿತು. ನಾಚಿಕೊಳ್ಳಬೇಡಿ ಅತ್ತಿಗೆ, ಅದು ವಾಸಿಯಾಗುತ್ತಿರುವ ಗುರುತು ಎಂದರೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನಗುವಾಗಲೂ ದಿಂಬು ಬೇಕಿತ್ತು.

ಬೆಳವದ ಮರಿಗಳು ಮೊಟ್ಟೆಯೊಡೆದು ಬಂದವು. ಕಣ್ಣು ಮುಚ್ಚಿದ, ಹಳದಿ ನೂಲಿನಂಥ ಕೂದಲಿನ ಎರಡು ಮರಿ. ತಾಯಿ ಬಾಯಿ ತೆರೆದರೆ ಮರಿ ತನ್ನ ಕೊಕ್ಕನ್ನು ಅದರೊಳಗೆ ತೂರಿಸುತ್ತದೆ. ತಾಯಿ ಕತ್ತು ಅಲುಗಿಸಿ ಏನನ್ನೋ ಮೇಲಕ್ಕೆ ತರುತ್ತದೆ. ಪಾರಿವಾಳ, ಬೆಳವಗಳ ಕತ್ತಿನ ಬುಡದಲ್ಲಿ ಕಾಳು ಶೇಖರಿಸುವ ಚೀಲವಿದೆ. ಮರಿ ಬರುವ ಹೊತ್ತಿಗೆ ಆ ಚೀಲದ ಒಳಪೊರೆ ದಪ್ಪವಾಗಿ, ಉದುರಿ, ಮೊಸರಿನಂಥ ಆಹಾರವಾಗುತ್ತದೆ. ಕೊಬ್ಬು, ಪ್ರೋಟೀನು ತುಂಬಿದ್ದು. ಗಂಡೂ ಹೆಣ್ಣೂ ಎರಡೂ ಇದನ್ನು ಉಣಿಸುತ್ತವೆ. ಮೊದಲ ದಿನಗಳಲ್ಲಿ ಅದಷ್ಟೇ. ಆಮೇಲೆ ನೆನೆದ ಕಾಳು ಸ್ವಲ್ಪ ಬೆರೆಯುತ್ತದೆ, ಬರಬರುತ್ತಾ ಕಾಳೇ ಹೆಚ್ಚಾಗುತ್ತದೆ. ಇಲ್ಲಿಯೂ ಮೇಲೆ ಬಂದದ್ದು ಸುಡುವುದಿಲ್ಲ, ಏಕೆಂದರೆ ಅದು ಆಮ್ಲದ ಕೋಣೆಗೆ ಇಳಿಯುವ ಮೊದಲೇ ತಿರುಗಿ ಬಂದದ್ದು.

“ಅವುಕ್ಕೂ ನಂಗೂ ಒಂದೇ ಪಥ್ಯ” ಎಂದರು ಅತ್ತಿಗೆ. ನಿಜವಾಗಿಯೂ ಅವರ ಬಟ್ಟಲಿಗೂ ಅದೇ ವಾರ ರಾಗಿ ಸರಿ, ಹಿಸುಕಿದ ಬಾಳೆಹಣ್ಣು, ನುಣ್ಣಗೆ ಬೆಂದ ಸೋರೆಕಾಯಿ ಬಂದಿದ್ದವು.

ಆ ವಾರವೇ ಮನೆಯಲ್ಲಿ ಅಡಿಕೆ ಬೇಯಿಸಲು ಒಲೆ ಹಚ್ಚಿದರು. ಹಂಡೆಯಲ್ಲಿ ಚೊಗರು ಕುದಿಯತೊಡಗಿದರೆ ಹೊಗೆಯೂ ಒಗರು ವಾಸನೆಯೂ ಮನೆ ತುಂಬುತ್ತವೆ. ನಮಗೆ ಅದು ಸುಗ್ಗಿಯ ವಾಸನೆ. ಅತ್ತಿಗೆಗೆ ಅಂದು ಹೊಟ್ಟೆ ತೊಳಸಿತು. ಆಪರೇಷನ್ ಆದ ಮೊದಲ ವಾರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ವಾಂತಿಗೆ. ಓಕರಿಕೆ ಬಂದರೆ ಹೊಟ್ಟೆಯ ಸ್ನಾಯುಗಳೆಲ್ಲ ಒಟ್ಟಿಗೆ ಕೆಳಗಿನಿಂದ ತಳ್ಳುತ್ತವೆ, ಹೊಸ ಹೊಲಿಗೆ ಬಿಚ್ಚಬಹುದು, ಸುತ್ತು ಮೇಲಕ್ಕೆ ಜಾರಬಹುದು. ಓಕರಿಕೆಗೆ ಮುಂಚೆಯೇ ಕೊಡಬೇಕಾದ ಮಾತ್ರೆ ಕೈಯಳತೆಯಲ್ಲಿತ್ತು, ನಾಲಿಗೆಯ ಮೇಲೆ ಕರಗುವಂಥದ್ದು. ಕೊಟ್ಟು, ಹಿತ್ತಲಿನ ಕೋಣೆಗೆ ಕರೆದೊಯ್ದೆ. ಅಣ್ಣ ಮಾರನೆಯ ದಿನವೇ ಒಲೆಯನ್ನು ತೋಟದ ಅಂಚಿಗೆ ಸಾಗಿಸಿದ. ಸುಲಿಯಲು ಬಂದ ಹೆಂಗಸರು ತಾವೂ ಅಲ್ಲಿಗೇ ಹೋಗಿ ಕೂತರು. ಒಂದು ಮಾತಿಲ್ಲದೆ ಇಷ್ಟು ನಡೆದದ್ದು ನನಗೆ ದೊಡ್ಡದಾಗಿ ಕಂಡಿತು.

ಕುದುರೆಗೆ ವಾಂತಿಯೇ ಬರುವುದಿಲ್ಲ. ಅದರ ಅನ್ನನಾಳದ ಬುಡದ ಬಿಗಿ ಅಷ್ಟು ಬಲ, ಅನ್ನನಾಳ ಜಠರವನ್ನು ಸೇರುವ ಕೋನ ಅಷ್ಟು ಓರೆ. ಬಯಲುಸೀಮೆಯ ತೋಳದ್ದು ಇನ್ನೊಂದು ತುದಿ: ಬೇಟೆಯ ಮಾಂಸವನ್ನು ಹೊಟ್ಟೆಯಲ್ಲೇ ಹೊತ್ತು ಗುಹೆಗೆ ಬಂದು, ಮರಿಗಳು ಮೂತಿ ನೆಕ್ಕಿದೊಡನೆ ಕಾರಿ ಉಣಿಸುತ್ತದೆ. ಸೂಳೆಕೆರೆಯ ನೀರುಕಾಗೆಯ ಮರಿಗಳು ತಾಯಿಯ ಗಂಟಲೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತವೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಮೂಳೆ ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಜೀವಲೋಕದಲ್ಲಿ ಅನ್ನದ ದಾರಿ ಎಲ್ಲೆಡೆ ಒಮ್ಮುಖವಲ್ಲ. ಅತ್ತಿಗೆಯದನ್ನು ಒಮ್ಮುಖ ಮಾಡಲು ಶಸ್ತ್ರವೈದ್ಯರಿಗೆ ಒಂದೆರಡು ಗಂಟೆ ಸಾಕಾಯಿತು. ದೇಹ ಅದಕ್ಕೆ ಒಗ್ಗಿಕೊಳ್ಳಲು ತೆಗೆದುಕೊಳ್ಳುವ ಕಾಲ ಬೇರೆ. ಬಾವು ಇಳಿದು ನುಂಗುವುದು ಸಲೀಸಾಗಲು ಆರರಿಂದ ಎಂಟು ವಾರ, ಕೆಲವರಿಗೆ ಮೂರು ತಿಂಗಳು.

ಮೂರನೆಯ ವಾರದಲ್ಲಿ ನ್ಯಾಮತಿಯಿಂದ ನನ್ನ ಗೆಳೆಯ ಬಂದ. ಮೆಕ್ಕೆಜೋಳದ ರೈತ, ಕೆಲವು ವರ್ಷಗಳ ಹಿಂದೆ ಇದೇ ಆಪರೇಷನ್ ಮಾಡಿಸಿಕೊಂಡವನು. ತೀರ್ಥರಾಮೇಶ್ವರದ ಬೆಟ್ಟದ ಕಡೆಯ ಹೊಲದಲ್ಲಿ ತೆನೆ ಮುರಿಯುವ ಕೆಲಸ ಬಿಟ್ಟು ಬಂದಿದ್ದ. ಒಬ್ಬ ರೋಗಿ ಇನ್ನೊಬ್ಬ ರೋಗಿಗೆ ಕೊಡುವ ಧೈರ್ಯವನ್ನು ನಾನು, ಅಣ್ಣ ಕೊಡಲಾರೆವು.

“ಅಕ್ಕಾ, ಎದ್ಯಾಗೆ ಸಿಕ್ಕಂಡಂಗೆ ಆಗ್ತೈತಾ?”

“ಆಗ್ತೈತಪ್ಪ. ನಿನ್ನೆ ಇಡ್ಲಿ ಸಿಕ್ಕಂತು. ಜೀವ ಹೋದಂಗಾತು.”

“ಅದುರ್ ಮ್ಯಾಲೆ ಇನ್ನೊಂದ್ ತುತ್ತು ಹಾಕಬ್ಯಾಡ್ರಿ. ಎದ್ದು ನಿಂತು ಸುಮ್ನೆ ಅಡ್ಡಾಡ್ರಿ. ತಾನೇ ಇಳೀತೈತೆ. ಗಾಬರಿ ಆದ್ರೆ ಇನ್ನೂ ಹಿಡಕಂತೈತೆ.”

ಇಡ್ಲಿ ಮೆತ್ತಗಿದೆ ಎಂದು ನಾವು ಕೊಟ್ಟಿದ್ದೆವು. ಮೆತ್ತಗಿದ್ದರೂ ಅದು ಒಣಗಿದ್ದು, ಒಟ್ಟಾಗಿ ಅಂಟಿಕೊಳ್ಳುತ್ತದೆ. ಸಾರಿನಲ್ಲಿ ಕರಗುವಷ್ಟು ನೆನೆಸಬೇಕಿತ್ತು. ಬ್ರೆಡ್ಡು, ಚಪಾತಿಗಳ ತೊಂದರೆಯೂ ಇದೇ. ರಾಗಿ ಮುದ್ದೆಯಂತೂ ನಮ್ಮಲ್ಲಿ ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಈ ಸ್ಥಿತಿಯಲ್ಲಿ ಆ ತುತ್ತು ನೇರ ಹೋಗಿ ಸುತ್ತಿನ ಬಾಯಿಗೆ ಕೂರುತ್ತದೆ. ಗೆಳೆಯ ಇನ್ನೊಂದು ವಿಷಯವನ್ನೂ ಒತ್ತಿ ಹೇಳಿದ. ತಾನು ಮೂರನೆಯ ವಾರಕ್ಕೇ ಚೆನ್ನಾಗಿದ್ದೇನೆ ಎಂದುಕೊಂಡು ಮೆಕ್ಕೆಜೋಳದ ಚೀಲಕ್ಕೆ ಕೈ ಹಾಕಿದ್ದ; ಎದೆಯ ಕೆಳಗೆ ಚಳಕು ಹೊಡೆದು ಮತ್ತೆ ಆಸ್ಪತ್ರೆ ಕಾಣಬೇಕಾಯಿತು. ಪುಣ್ಯಕ್ಕೆ ಸುತ್ತು ಜಾರಿರಲಿಲ್ಲ. ಹೊರಗಿನ ತೂತುಗಳು ಹತ್ತು ಹನ್ನೆರಡು ದಿನಕ್ಕೆ ಕೂಡಿಕೊಳ್ಳುತ್ತವೆ, ಅದನ್ನು ನೋಡಿ ಒಳಗೂ ಹಾಗೇ ಎಂದು ನಂಬಿಬಿಡುತ್ತೇವೆ. ಐದು ಕಿಲೋ ಮೀರಿದ ತೂಕವನ್ನು ಒಂದೂವರೆ ತಿಂಗಳು ಮುಟ್ಟಬಾರದು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತುಂಬಿದ ಕೊಡ ಎತ್ತದೆ ಇರುವುದು ಗಂಜಿ ಕುಡಿದು ಇರುವುದಕ್ಕಿಂತ ಕಷ್ಟ. ಅತ್ತಿಗೆಯ ಕೈಯಿಂದ ಎರಡು ಸಲ ಕೊಡ ಕಿತ್ತುಕೊಂಡದ್ದು ಪಕ್ಕದ ಮನೆಯ ಹುಡುಗಿ.

ಯಾವುದಕ್ಕೆ ಕಾಯಬಾರದು ಎಂಬುದನ್ನೂ ಅವನೇ ಬಿಡಿಸಿ ಹೇಳಿದ್ದು: ಜ್ವರ, ತನ್ನ ಉಗುಳೂ ಇಳಿಯದಷ್ಟು ಗಂಟಲು ಕಟ್ಟುವುದು, ನಿಲ್ಲದ ಓಕರಿಕೆ, ಎದೆ ಅಥವಾ ಹೊಟ್ಟೆಯಲ್ಲಿ ತಡೆಯಲಾಗದ ನೋವು, ಏದುಸಿರು, ಗಾಯ ಕೆಂಪಾಗಿ ಕೀವು. ಇವು ಕಂಡರೆ ಬೆಳಗಾಗಲಿ ಎನ್ನದೆ ಹೊರಡಬೇಕು. ಚನ್ನಗಿರಿಯಿಂದ ಬಾಡಿಗೆ ಕಾರಿನವನ ನಂಬರನ್ನು ಬಾಗಿಲ ಹಿಂದೆ ಬರೆದಿಟ್ಟೆವು. ಬೇಕಾಗಲಿಲ್ಲ.

ತಿಂಗಳು ಕಳೆಯುವ ಮೊದಲೇ ಮರಿಗಳು ಪೆಟ್ಟಿಗೆಯಿಂದ ಮಾಡಿನ ತೊಲೆಗೆ, ತೊಲೆಯಿಂದ ನುಗ್ಗೆಮರಕ್ಕೆ ಹಾರಿದ್ದವು. ಅತ್ತಿಗೆಯ ಮೈ ಇಳಿದಿತ್ತು, ರವಿಕೆಗಳು ಸಡಿಲವಾಗಿದ್ದವು. ಈ ಆಪರೇಷನ್ ಆದವರಲ್ಲಿ ಇದು ಸಾಮಾನ್ಯ. ಆದರೆ ಮಂಚದ ಕೆಳಗಿನ ಇಟ್ಟಿಗೆ ಅಗತ್ಯಕ್ಕಿಂತ ಅಭ್ಯಾಸಕ್ಕೆ ಉಳಿದಿತ್ತು. ರಾತ್ರಿಯ ಕೆಮ್ಮು ನಿಂತಿತ್ತು. ಸುಮ್ಮನೆ ಕೂತಾಗ ಗಂಟಲ ಗಂಟೆ ಆಡುವುದೂ ಕಡಿಮೆಯಾಗಿತ್ತು. ಇದನ್ನು ಅವರು ಗಮನಿಸಿರಲಿಲ್ಲ, ನಾನು ಹೇಳಿದೆ.

ನಡಿಗೆಯನ್ನು ಸೂಳೆಕೆರೆಯ ಏರಿಗೆ ಬದಲಿಸಿದೆವು. ಎರಡು ಗುಡ್ಡಗಳ ನಡುವೆ ಏರಿ ಹಾಕಿ ಹಿಡಿದಿಟ್ಟ ಸುಮಾರು 6,500 ಎಕರೆ ನೀರು. ಅಂಚಿನ ಒಣಮರದಲ್ಲಿ ನೀರುಕಾಗೆಗಳು ರೆಕ್ಕೆ ಹರವಿ ಕೂತಿದ್ದವು. ದೊಡ್ಡ ಮೀನು ಹಿಡಿದ ಹಾವಕ್ಕಿಯೊಂದು ಅದನ್ನು ಮೇಲಕ್ಕೆಸೆದು, ತಲೆ ಮುಂದಾಗಿ ಬರುವ ಹಾಗೆ ಹಿಡಿದು, ಕತ್ತು ನೆಟ್ಟಗೆ ಮಾಡಿ ನುಂಗಿತು. ಸಪೂರ ಕತ್ತಿನಲ್ಲಿ ಮೀನಿನ ಉಬ್ಬು ಇಳಿಯುವಷ್ಟು ಹೊತ್ತು ಅತ್ತಿಗೆ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ನೋಡಿದರು. “ಇಳೀತು ನೋಡು” ಎಂದರು.

ಅವರ ಮನಸ್ಸು ರೊಟ್ಟಿಯ ಮೇಲಿತ್ತು. ಅಡಿಕೆ ಸೀಮೆಯ ಅನ್ನಕ್ಕೆ ಎಷ್ಟೋ ವರ್ಷದಿಂದ ಹೊಂದಿಕೊಂಡಿದ್ದರೂ ಜಗಳೂರಿನವರಿಗೆ ಜೋಳದ ರೊಟ್ಟಿ ಇಲ್ಲದ ಊಟ ಊಟವಲ್ಲ. ಎರಡನೆಯ ತಿಂಗಳಲ್ಲಿ ವೈದ್ಯರು ನೋಡಿ, ಹಾಲಿನಲ್ಲಿ ಇಲ್ಲವೆ ಸಾರಿನಲ್ಲಿ ನೆನೆಸಿ ಚೂರು ಚೂರೇ ತಿನ್ನಿ ಎಂದರು. ಬಿಸಿ ರೊಟ್ಟಿಯನ್ನು ಹಾಲಿಗೆ ಮುರಿದು ಹಾಕಿ ಅತ್ತಿಗೆ ಅಗಿಯಲು ಕೂತರೆ ಕೊಟ್ಟಿಗೆಯ ಹಸುವಿಗೂ ಅವರಿಗೂ ಹೆಚ್ಚು ಅಂತರ ಉಳಿಯುತ್ತಿರಲಿಲ್ಲ. ಮಾತಾಡಿಸಿದರೆ ಕೈ ಸನ್ನೆ ಮಾಡುತ್ತಿದ್ದರು. ಊಟದ ನಡುವೆ ಮಾತಾಡಿದರೆ ಗಾಳಿ ಹೋಗುತ್ತದೆ ಎಂಬುದು ಚೆನ್ನಾಗಿ ಮನದಟ್ಟಾಗಿತ್ತು. ಒಣಗಿದ ಕಟಿರೊಟ್ಟಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ತೇಗು ಪೂರ್ತಿ ಬಂದಿಲ್ಲ. ಒಮ್ಮೊಮ್ಮೆ ಸಣ್ಣದೊಂದು ಬರುತ್ತದೆ, ಹುಳಿಯಿಲ್ಲದ್ದು.

ಜಗಳೂರಿಗೆ ಹೋಗಬೇಕೆಂದಿದ್ದೇವೆ, ಹಿಂಗಾರಿನ ಬಿಳಿಜೋಳ ಕೊಯ್ಯುವ ಹೊತ್ತಿಗೆ. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು 2011ರಿಂದ ಕೊಂಡುಕುರಿಯ ವನ್ಯಧಾಮ, ಸುಮಾರು 77 ಚದರ ಕಿಲೋಮೀಟರ್. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ. ಗಂಡಿಗೆ ಮಾತ್ರ ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಎರಡು ಗಿಡ್ಡನೆಯವು. ಎರಡು ಅಡಿ ಎತ್ತರ, ಇಪ್ಪತ್ತು ಕಿಲೋ ಸುತ್ತಮುತ್ತ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ, ನೀರಿನಿಂದ ಹೆಚ್ಚು ದೂರ ಹೋಗದೆ ಇರುತ್ತದೆ. ಹಿಕ್ಕೆಯನ್ನು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಾಕುವುದರಿಂದ ಅದರ ಇರವನ್ನು ಪತ್ತೆ ಹಚ್ಚಬಹುದು. ಅದೂ ಮೆಲುಕು ಹಾಕುವ ಪ್ರಾಣಿಯೇ, ಆದರೆ ಅದು ಮಲಗಿ ಮೆಲುಕು ಹಾಕುವುದನ್ನು ನಾನು ನೋಡಿಲ್ಲ. ಅತ್ತಿಗೆ ಚಿಕ್ಕವರಿದ್ದಾಗ ಆಡು ಕಾಯಲು ಹೋಗಿ ಕಾರೆಕಂಟಿಯ ಬುಡದಲ್ಲಿ ನೋಡಿದ್ದಾರಂತೆ. ಯಾವ ಹೊತ್ತು, ಯಾವ ಮಗ್ಗುಲಿಗೆ ಮಲಗಿತ್ತು ಎಂದು ಕೇಳಿದೆ.

“ಅದೆಲ್ಲ ಅಲ್ಲೇ ಬಂದು ತೋರಿಸ್ತೀನಿ. ಬುತ್ತಿಗೆ ರೊಟ್ಟಿ ಬ್ಯಾಡ, ಮೊಸರನ್ನ ಮೆತ್ತಗೆ ಕಲಸಿ ಕಟ್ಟಾಕೆ ಹೇಳು. ನೀರಿನ ಕ್ಯಾನು ನೀನೇ ಹೊರಬೇಕು” ಎಂದರು.